ಚಿಕ್ಕಪ್ಪನ ಮುಖಕ್ಕೆ ಯಾವ ಬಣ್ಣ?

ಎಣ್ಣೆಬಣ್ಣ ಮಾರುವ ಅಂಗಡಿಗಳಲ್ಲಿ ‘ಫ್ಲೆಶ್ ಟಿಂಟ್’ ಅನ್ನೋ ಒಂದು ಟ್ಯೂಬ್ ಸಿಗುತ್ತದೆ. ಮುಖ ಬರೆಯುವವರಿಗೆ ಅಂತಲೇ ಕಾರ್ಖಾನೆಯಲ್ಲಿ ಬೆರೆಸಿಟ್ಟ ಮೈಬಣ್ಣ. ನೋಡಿದರೆ ತಿಳಿ ಗುಲಾಬಿ. ಮೈಸೂರಿನ ನಮ್ಮ ಬೀದಿಯಲ್ಲಿ ಆ ಬಣ್ಣದ ಮನುಷ್ಯರನ್ನು ನಾನಂತೂ ಕಂಡಿಲ್ಲ. ಆದರೂ ಸಾಮಾನು ಕೊಳ್ಳುವಾಗ ಅದೂ ಒಂದಿರಲಿ ಅಂತ ಚೀಲಕ್ಕೆ ಹಾಕಿಕೊಂಡಿದ್ದೆ. ನನಗೆ ಭಾವಚಿತ್ರ ಬರೆಯೋದು ಕಲಿಸುತ್ತಿದ್ದ ಮೇಷ್ಟ್ರು ಅದನ್ನು ಎತ್ತಿ ಅಲಮಾರಿಯ ಮೇಲಿಟ್ಟರು. “ನಿಮ್ಮ ಚಿಕ್ಕಪ್ಪನ ಮುಖದಲ್ಲಿ ಈ ಬಣ್ಣ ಎಲ್ಲಾದರೂ ಕಂಡರೆ ಹೇಳಮ್ಮ, ಆಗ ತೆಗೆಯೋಣ” ಅಂದರು.

ಮೇಷ್ಟ್ರಿಗೆ ಎಪ್ಪತ್ತು ದಾಟಿದೆ. ಶಾಲೆಗಳಿಗೆ, ಬ್ಯಾಂಕುಗಳಿಗೆ, ಸಂಘಗಳ ಸಭಾಂಗಣಗಳಿಗೆ ದೊಡ್ಡವರ ಭಾವಚಿತ್ರ ಬರೆದುಕೊಟ್ಟು ಸಂಸಾರ ನಡೆಸಿದವರು. ಸ್ಥಾಪಕರು, ದಾನಿಗಳು, ನಿವೃತ್ತ ಹೆಡ್‌ಮಾಸ್ಟರುಗಳು. ಎಷ್ಟೋ ಸಲ ಅವರ ಕೈಗೆ ಬರುತ್ತಿದ್ದದ್ದು ತೀರಿಕೊಂಡವರ ಒಂದು ಸ್ಟಾಂಪ್ ಸೈಜ್ ಫೋಟೊ ಅಷ್ಟೇ. ಅದರಲ್ಲಿ ಫ್ಲಾಶ್ ಬೆಳಕು ನೇರ ಮುಖಕ್ಕೆ ಬಡಿದು ಮೂಗು, ಕೆನ್ನೆ, ಹಣೆ ಎಲ್ಲ ಒಂದೇ ಸಮ. ಅದನ್ನು ಮೂರಡಿ ಕ್ಯಾನ್ವಾಸಿಗೆ ಏರಿಸಬೇಕು, ಮನೆಯವರು ನೋಡಿ “ಹೌದು, ನಮ್ಮಪ್ಪನೇ” ಅನ್ನಬೇಕು. ನಾನೂ ಒಂದು ಫೋಟೊ ಹಿಡಿದುಕೊಂಡೇ ಅವರ ಹತ್ತಿರ ಹೋಗಿದ್ದೆ. ಅವರು ಒಪ್ಪಲಿಲ್ಲ. “ಮೊದಲು ಉಸಿರಾಡೋ ಮನುಷ್ಯನ್ನ ಕೂರಿಸಿ ಬರಿ. ಫೋಟೊದಲ್ಲಿ ಏನೇನು ಇರಲ್ಲ ಅಂತ ಆಗ ಗೊತ್ತಾಗುತ್ತೆ.”

ಹಾಗಾಗಿ ಚಿಕ್ಕಪ್ಪ ಬಂದರು. ನಿವೃತ್ತ ಬಸ್ ಕಂಡಕ್ಟರ್. ಕಂದು ಮೈ, ಬಿಳಿ ಮೀಸೆ, ಹಣೆಗೆ ಮೂರು ಎಳೆ ವಿಭೂತಿ, ಕಿವಿಗೆ ಒಂಟಿ. ಅವರದು ಒಂದೇ ಷರತ್ತು. ಮಗನ ಮದುವೆಗೆ ತಂದ ಜರಿ ಪೇಟ ಹಾಕಿಕೊಂಡೇ ಕೂರುತ್ತಾರಂತೆ. ಹಳೇ ಮೈಸೂರಿನ ಮನೆಗಳ ನಡುಮನೆಯಲ್ಲಿ ಪೇಟ, ಲಾಂಗ್ ಕೋಟು, ಜರಿ ಅಂಚಿನ ಶಲ್ಯ ಹಾಕಿಕೊಂಡು ನೆಟ್ಟಗೆ ಕೂತಿರುವ ತಾತಂದಿರನ್ನು ನೀವೂ ನೋಡಿರುತ್ತೀರಿ. ಚಿಕ್ಕಪ್ಪನಿಗೆ ಆ ಸಾಲಿಗೆ ಸೇರುವ ಆಸೆ. “ಪೇಟ ಇದ್ರೆ ನಿನಗೆ ಕೂದಲು ಬರೆಯೋ ಕಷ್ಟ ಇಲ್ವಲ್ಲ ಪುಟ್ಟಿ” ಅಂತ ಬೇರೆ ಹೇಳಿದರು. ಕೂದಲೇ ಸುಲಭ ಅಂತ ಆಮೇಲೆ ತಿಳಿಯಿತು.

ಮೊದಲ ಕೆಲಸ ಬೆಳಕು. ಭಾವಚಿತ್ರದ ಪುಸ್ತಕಗಳೆಲ್ಲ ಉತ್ತರದ ಕಿಟಕಿ ಬೇಕು ಅನ್ನುತ್ತವೆ. ನೇರ ಬಿಸಿಲು ಬರಲ್ಲ, ಬರೀ ಆಕಾಶದ ಬೆಳಕು, ಬೆಳಿಗ್ಗೆಯಿಂದ ಸಂಜೆವರೆಗೂ ಹೆಚ್ಚುಕಡಿಮೆ ಒಂದೇ ರೀತಿ. ಇದು ಯುರೋಪಿನಲ್ಲಿ ಸರಿ. ನಮ್ಮಲ್ಲಿ ಪೂರ್ತಿ ಸರಿಯಲ್ಲ. ಮೈಸೂರು ಇರುವುದು ಹನ್ನೆರಡು ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮೂರನೇ ವಾರದ ತನಕ ನಡುಮಧ್ಯಾಹ್ನದಲ್ಲೂ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಅಂದರೆ ಉತ್ತರದ ಕಿಟಕಿಗೂ ಬಿಸಿಲು ಬೀಳುತ್ತದೆ. ಮೇಷ್ಟ್ರ ಮನೆಯ ಕಿಟಕಿಗೆ ಆ ತಿಂಗಳುಗಳಲ್ಲಿ ಒಂದು ಹಳೇ ಬಿಳಿ ಪಂಚೆ ಇಳಿಬಿದ್ದಿರುತ್ತದೆ. ಮಿಕ್ಕ ಕಾಲದಲ್ಲಿ ಪಂಚೆ ಮೇಲೆ. ಕಿಟಕಿಯ ಕೆಳ ಅರ್ಧಕ್ಕೆ ಮಾತ್ರ ವರ್ಷಪೂರ್ತಿ ರಟ್ಟು. ಬೆಳಕು ಮೇಲಿನಿಂದ ಇಳಿಯಬೇಕು. ಆಗ ಹುಬ್ಬಿನ ಕೆಳಗೆ, ಮೂಗಿನ ಕೆಳಗೆ, ಗಲ್ಲದ ಕೆಳಗೆ ನೆರಳು ನಿಲ್ಲುತ್ತದೆ. ಮುಖಕ್ಕೆ ಆಕಾರ ಬರುವುದೇ ಆ ಮೂರು ನೆರಳಿನಿಂದ. ಮನೆಯಲ್ಲಿ ಅಭ್ಯಾಸ ಮಾಡುವವರು ಟ್ಯೂಬ್‌ಲೈಟ್ ಆರಿಸಿಬಿಡಿ. ನಾಲ್ಕು ಕಡೆ ಬೆಳಕಿದ್ದರೆ ಮುಖದಲ್ಲಿ ಬರೆಯೋಕೆ ಏನೂ ಉಳಿಯಲ್ಲ.

ಅಷ್ಟಾದರೂ ಬಣ್ಣ ಮುಟ್ಟೋಕೆ ಬಿಡಲಿಲ್ಲ. ಕೆಲವು ವಾರ ಬರೀ ಇದ್ದಿಲು ಕಡ್ಡಿ. ಮೊದಲು ಪ್ಲಾಸ್ಟರಿನ ಒಂದು ತಲೆ. ಬಿಳಿ ವಸ್ತು, ಅಲ್ಲಾಡಲ್ಲ, ಬಣ್ಣದ ಗೊಂದಲವಿಲ್ಲ. ಬೆಳಕು ಎಲ್ಲಿ ನಿಲ್ಲುತ್ತದೆ, ನೆರಳು ಎಲ್ಲಿ ಶುರುವಾಗುತ್ತದೆ ಅನ್ನುವ ಗೆರೆ ಹುಡುಕುವುದೇ ಅಭ್ಯಾಸ. ಕಣ್ಣು ಕಿರಿದು ಮಾಡಿ ನೋಡಬೇಕು. ಆಗ ಸಣ್ಣಪುಟ್ಟದ್ದೆಲ್ಲ ಕರಗಿ ಎರಡೇ ಉಳಿಯುತ್ತವೆ: ಬೆಳಕಿನ ಪಾಲು, ನೆರಳಿನ ಪಾಲು. ಬೆಳಕಿನ ಪಾಲಿನಲ್ಲಿರುವ ಅತಿ ಕಪ್ಪು ಜಾಗವೂ ನೆರಳಿನ ಪಾಲಿನ ಅತಿ ಬಿಳಿ ಜಾಗಕ್ಕಿಂತ ಬೆಳ್ಳಗಿರಬೇಕು. ಇದೊಂದು ನಿಯಮ ತಪ್ಪಿದರೆ ಮುಖದ ತುಂಬ ಕಲೆ ಬಿದ್ದಂತಾಗುತ್ತದೆ. ಇಡೀ ಕಲಿಕೆಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಮಾತು ಇದೇ.

ಅಳತೆಗೆ ಮೇಷ್ಟ್ರು ಕೊಟ್ಟದ್ದು ಗಾರೆಯವರು ಗೋಡೆಗೆ ಹಿಡಿಯುವ ತೂಕದ ಗುಂಡು. ಒಂದು ಕಣ್ಣು ಮುಚ್ಚಿ, ದಾರವನ್ನು ಮುಖದ ನೇರಕ್ಕೆ ತೂಗಿಬಿಡಬೇಕು. ಕಣ್ಣಿನ ಒಳಮೂಲೆಯಿಂದ ಇಳಿದ ದಾರ ಮೂಗಿನ ಹೊಳ್ಳೆಯನ್ನು ಎಲ್ಲಿ ಮುಟ್ಟುತ್ತದೆ? ತುಟಿಯ ಕೊನೆ ಅದರಿಂದ ಎಷ್ಟು ಹೊರಗಿದೆ? ಚಿಕ್ಕಪ್ಪನ ಬಾಯಿ ಎಡಕ್ಕೆ ಸ್ವಲ್ಪ ಜಾರಿದೆ ಅಂತ ಹುಟ್ಟಿದಾಗಿನಿಂದ ನೋಡಿದ ನನಗೇ ಗೊತ್ತಿರಲಿಲ್ಲ. ದಾರ ತೋರಿಸಿತು.

ಲೆಕ್ಕವೂ ಇದೆ. ತಲೆಯ ಒಟ್ಟು ಎತ್ತರದ ಸರಿ ಅರ್ಧಕ್ಕೆ ಕಣ್ಣು ಬರುತ್ತದೆ. ಎಲ್ಲರೂ ಮೊದಲಿಗೆ ಕಣ್ಣನ್ನು ಮೇಲೆ ಬರೆಯುತ್ತಾರೆ, ಹಣೆಗೆ ಜಾಗವೇ ಇರಲ್ಲ. ಎರಡು ಕಣ್ಣಿನ ನಡುವೆ ಇನ್ನೊಂದು ಕಣ್ಣಿನಷ್ಟು ಅಂತರ. ಕೂದಲ ಬುಡದಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತಳ, ಮೂಗಿನ ತಳದಿಂದ ಗಲ್ಲ, ಮೂರೂ ಸಮ. ನಮ್ಮ ಶಿಲ್ಪಿಗಳ ತಾಳಮಾನ ಅನ್ನುವ ಅಳತೆಯ ಪದ್ಧತಿಯಲ್ಲೂ ಮುಖ ಅಂದರೆ ಒಂದು ತಾಳ, ಹನ್ನೆರಡು ಅಂಗುಲ, ಅದನ್ನು ನಾಲ್ಕು ನಾಲ್ಕು ಅಂಗುಲದಂತೆ ಮೂರು ಪಾಲು. ಎರಡೂ ಕಡೆಯವರು ಒಂದೇ ಲೆಕ್ಕಕ್ಕೆ ಬಂದಿದ್ದಾರೆ, ಚೆನ್ನಾಗಿದೆ ಅಲ್ವಾ? ಆದರೆ ದೇವರ ಮುಖಕ್ಕೆ ಈ ಲೆಕ್ಕವೇ ಕೊನೆ. ಚಿಕ್ಕಪ್ಪನ ಮುಖಕ್ಕೆ ಇದು ಬರೀ ಶುರು. ಅವರ ಮೂಗು ತನ್ನ ಪಾಲಿಗಿಂತ ಉದ್ದ. ಎಲ್ಲಿ ಲೆಕ್ಕ ತಪ್ಪುತ್ತದೋ ಅಲ್ಲೇ ಹೋಲಿಕೆ ಇರುವುದು. ಅದರ ಮೇಲೆ ಪೇಟ ಬೇರೆ. ಅದು ನೆತ್ತಿಯನ್ನು ಮುಚ್ಚಿಬಿಡುತ್ತದೆ, ತಲೆ ಎಲ್ಲಿ ಮುಗಿಯಿತು ಅಂತ ಕಾಣಲ್ಲ. ಮೇಷ್ಟ್ರು ಪೇಟ ತೆಗೆಸಿ ಬರಿದಲೆಯನ್ನು ಪೂರ್ತಿ ಬರೆಸಿದರು. ಆಮೇಲೆ ಆ ತಲೆಗೆ ಪೇಟ ತೊಡಿಸಿದ್ದು.

ಕೂರುವುದೂ ಒಂದು ಕೆಲಸವೇ. ಇಪ್ಪತ್ತು ನಿಮಿಷಕ್ಕೊಮ್ಮೆ ಬಿಡುವು. ಎದ್ದು ಕಾಫಿ ಕುಡಿದು ಬಂದು ಮತ್ತೆ ಅದೇ ಜಾಗಕ್ಕೆ ಕೂರಬೇಕಲ್ಲ, ಅದಕ್ಕೆ ಕುರ್ಚಿಯ ಕಾಲಿಗೂ ಅವರ ಪಾದಕ್ಕೂ ನೆಲದ ಮೇಲೆ ಸೀಮೆಸುಣ್ಣದ ಗುರುತು. ಗೋಡೆಯ ಮೇಲೆ ಒಂದು ಕ್ಯಾಲೆಂಡರು, ಅದರಲ್ಲಿ ಯಾವ ತಾರೀಕನ್ನು ನೋಡಬೇಕು ಅಂತಲೂ ಹೇಳಿಟ್ಟಿದ್ದೆವು. ಮಧ್ಯಾಹ್ನ ಊಟ ಆದ ಮೇಲೆ ಕೂರಿಸಿದರೆ ಚಿಕ್ಕಪ್ಪ ತೂಕಡಿಸುತ್ತಾರೆ. ತೂಕಡಿಸಿದ ಮುಖ ಬರೀ ಕಣ್ಣು ಮುಚ್ಚಿದ ಮುಖ ಅಲ್ಲ. ಕೆನ್ನೆ ಇಳಿದು, ತುಟಿ ಸಡಿಲಾಗಿ, ಬೇರೆಯೇ ಮನುಷ್ಯ. “ಮಾತಾಡಿಸ್ತಾ ಬರಿಯಮ್ಮ” ಅಂದರು ಮೇಷ್ಟ್ರು. ನಂಜನಗೂಡು ರೂಟಿನ ಕಥೆ ಕೇಳಿದರೆ ಸಾಕು, ಕಣ್ಣಿಗೆ ಜೀವ ಬರುತ್ತಿತ್ತು. ತೊಂದರೆ ಏನೆಂದರೆ ಕಥೆಯ ಜತೆ ಕೈಯೂ ತಲೆಯೂ ಆಡುತ್ತವೆ. ಕಣ್ಣು ಬರೆಯುವಾಗ ಕಥೆ, ಮೂಗು ಬರೆಯುವಾಗ ಮೌನ ಅಂತ ಒಪ್ಪಂದ ಆಯಿತು.

ಇನ್ನು ಸಾಮಾನು. ಎಣ್ಣೆಬಣ್ಣದ ಎಣ್ಣೆ ಅಂದರೆ ಅಗಸೆ ಎಣ್ಣೆ. ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿಕೊಳ್ಳುವ ಅದೇ ಅಗಸೆ. ಒಳ್ಳೆಯ ಕ್ಯಾನ್ವಾಸು ಅನ್ನಿಸಿಕೊಳ್ಳುವ ಲಿನನ್ ಬಟ್ಟೆಯೂ ಅದೇ ಗಿಡದ ನಾರಿನದು. ಬಟ್ಟೆಯೂ ಎಣ್ಣೆಯೂ ಒಂದೇ ಗಿಡದ್ದು ಅಂತ ತಿಳಿದಾಗ ನನಗೆ ಯಾಕೋ ತುಂಬಾ ಖುಷಿಯಾಯಿತು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಗಿಲಿಗೆ ಹಚ್ಚಲು ಸಿಗುವ ಕುದಿಸಿದ ಲಿನ್‌ಸೀಡ್ ಎಣ್ಣೆ ಮಾತ್ರ ಬೇಡ. ಬೇಗ ಒಣಗಲಿ ಅಂತ ಅದಕ್ಕೆ ಏನೇನೋ ಸೇರಿಸಿರುತ್ತಾರೆ, ಚಿತ್ರ ಬೇಗ ಕಂದುಗಟ್ಟುತ್ತದೆ. ಕಲಾವಿದರಿಗೆಂದು ಶುದ್ಧಿ ಮಾಡಿದ ಎಣ್ಣೆಯ ಸಣ್ಣ ಬಾಟಲಿ ತನ್ನಿ. ತುಂಬಾ ದಿನ ಬರುತ್ತದೆ.

ಅಗಸೆ ಎಣ್ಣೆ ನೀರಿನ ಹಾಗೆ ಆರಿ ಹೋಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಈ ವಿಷಯ ಗೊತ್ತಿದ್ದರೆ ಎಣ್ಣೆಬಣ್ಣದ ಅರ್ಧ ನಿಯಮಗಳು ತಾವಾಗೇ ಅರ್ಥವಾಗುತ್ತವೆ. ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಬಣ್ಣ ತೆಳ್ಳಗೆ ಮಾಡುವ ಟರ್ಪೆಂಟೈನ್ ಜಾಸ್ತಿ. ಮೇಲೆ ಮೇಲೆ ಹೋದಂತೆ ಎಣ್ಣೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನದು ಮೊದಲು ಗಟ್ಟಿಯಾಗಿ, ಕೆಳಗಿನದು ಇನ್ನೂ ಅಲುಗಾಡುತ್ತಾ, ಕೆಲವು ವರ್ಷಕ್ಕೆ ಚಿತ್ರ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು ಅನ್ನುವುದಕ್ಕೂ ಇದೇ ಕಾರಣ. ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಮೇಷ್ಟ್ರ ಮನೆಯಲ್ಲಿ ಬಟ್ಟೆಗೆ ಅಂತ ನೀರು ತುಂಬಿದ, ಮುಚ್ಚಳ ಇರುವ ಒಂದು ಡಬ್ಬ ಇದೆ. ಕಿಟಕಿ ಮುಚ್ಚಿಕೊಂಡು ಟರ್ಪೆಂಟೈನ್ ಬಳಸೋದೂ ಬೇಡ. ತಲೆನೋವು ಖಂಡಿತ.

ಬಣ್ಣದ ಮೊದಲ ದಿನ ಕ್ಯಾನ್ವಾಸಿನ ಬಿಳುಪು ಹೋಗಬೇಕು. ಬರ್ನ್ಟ್ ಅಂಬರ್ ಅನ್ನುವ ಕಂದನ್ನು ಟರ್ಪೆಂಟೈನ್‌ನಲ್ಲಿ ತೆಳ್ಳಗೆ ಮಾಡಿ ಪೂರ್ತಿ ಬಳಿದೆ. ಅದು ಹಸಿ ಇರುವಾಗಲೇ ಬಟ್ಟೆಯಿಂದ ಒರೆಸಿ ಬೆಳಕು ತೆಗೆಯುವುದು. ಹಣೆ ಒರೆಸು, ಮೂಗಿನ ಬೆನ್ನು ಒರೆಸು, ಬಲಗೆನ್ನೆ ಒರೆಸು. ಒರೆಸುತ್ತಾ ಒರೆಸುತ್ತಾ ಕಂದಿನೊಳಗಿಂದ ಮುಖ ಎದ್ದು ಬರುತ್ತದೆ. ಇಡೀ ಕೆಲಸದಲ್ಲಿ ನನಗೆ ಬಹಳ ಇಷ್ಟವಾದ ಹೊತ್ತು ಅದು. ಕಣ್ಣಿಲ್ಲ, ತುಟಿಯಿಲ್ಲ, ಆದರೂ ಬಾಗಿಲಲ್ಲಿ ನಿಂತ ಚಿಕ್ಕಮ್ಮ “ಅಯ್ಯೋ, ಇವರೇ!” ಅಂದರು. ಹೋಲಿಕೆ ಕಣ್ಣು ಮೂಗಿನಲ್ಲಿ ಇಲ್ಲ, ನೆರಳಿನ ಆಕಾರದಲ್ಲಿದೆ ಅಂತ ಮೇಷ್ಟ್ರು ಹೇಳುತ್ತಿದ್ದದ್ದಕ್ಕೆ ಅದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಆಮೇಲೆ ಅಂಬರ್ ಮತ್ತು ಬಿಳಿ ಎರಡನ್ನೇ ಬೆರೆಸಿ ಮುಖವನ್ನೆಲ್ಲ ಕಟ್ಟಬೇಕು. ಕಪ್ಪು ಬಿಳುಪು ಫೋಟೊದಂಥ ಒಂದು ಪದರ. ಆಕಾರದ ತಲೆನೋವನ್ನು ಇಲ್ಲೇ ಮುಗಿಸಿಕೊಂಡರೆ ಬಣ್ಣ ಹಾಕುವಾಗ ಬಣ್ಣದ ಬಗ್ಗೆ ಮಾತ್ರ ಯೋಚಿಸಬಹುದು. ಆದರೆ ಒಣಗಬೇಕಲ್ಲ! ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಟೈಟೇನಿಯಂ ಬಿಳಿ ನಿಧಾನ. ಹಿಂದಿನವರು ಬಳಸುತ್ತಿದ್ದ ಸೀಸದ ಬಿಳಿ ಬೇಗ ಒಣಗುತ್ತಿತ್ತು, ಆದರೆ ಅದು ವಿಷ. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಹಣೆಯ ಮೇಲಿನ ದಪ್ಪ ಬಿಳಿ ಬೆರಳಿಗೆ ಅಂಟುತ್ತಲೇ ಇತ್ತು. ಧೂಳು ಕೂರಬಾರದು ಅಂತ ಚಿತ್ರವನ್ನು ಗೋಡೆಗೆ ತಿರುಗಿಸಿ ಇಡೋಣ ಅಂದರೆ ಅದೂ ಬೇಡವಂತೆ. ಕತ್ತಲಲ್ಲಿ ಒಣಗಿದರೆ ಅಗಸೆ ಎಣ್ಣೆ ಹಳದಿಯಾಗುತ್ತದೆ. ಬೆಳಕಿನಲ್ಲೇ ಇಡಬೇಕು, ಬಿಸಿಲಿಗೆ ಮಾತ್ರ ಇಡಬಾರದು.

ಒಣಗಲಿ ಅಂತ ಕಾಯುವ ದಿನಗಳಲ್ಲಿ ಮೇಷ್ಟ್ರು ನನ್ನನ್ನು ಜಗನ್ಮೋಹನ ಅರಮನೆಗೆ ಅಟ್ಟಿದರು. 1861ರ ಕಟ್ಟಡ. ಒಳಗಿನ ಆರ್ಟ್ ಗ್ಯಾಲರಿಯಲ್ಲಿ ರಾಜಾ ರವಿವರ್ಮನ ಮೂಲ ಚಿತ್ರಗಳಿವೆ. ಚಿಕ್ಕಂದಿನಲ್ಲಿ ಶಾಲೆಯಿಂದ ಸಾಲಾಗಿ ಕರೆದುಕೊಂಡು ಹೋಗಿ ಸಾಲಾಗಿ ವಾಪಸ್ ತಂದಿದ್ದರು. ಈ ಸಲ ಒಂದೇ ಚಿತ್ರದ ಮುಂದೆ ನಿಲ್ಲಬೇಕು ಅಂತ ಆಜ್ಞೆ. ಅದು ಸಂಗೀತಗಾರ್ತಿಯರ ಗುಂಪಿನ ಚಿತ್ರ, 1889ರ ಸುಮಾರಿನದು. ಬೇರೆ ಬೇರೆ ಸೀಮೆಯ ಹನ್ನೊಂದು ಹೆಂಗಸರು ಒಟ್ಟಿಗೆ ಕೂತು ನಿಂತಿದ್ದಾರೆ. ಸಾಮಾನ್ಯವಾಗಿ ನಾವು ಸೀರೆ, ಒಡವೆ ನೋಡಿ ಮುಂದೆ ಹೋಗುತ್ತೇವೆ. ಮೇಷ್ಟ್ರು ಹೇಳಿ ಕಳಿಸಿದ್ದು ಕೆನ್ನೆ ನೋಡಿಕೊಂಡು ಬಾ ಅಂತ. ಒಬ್ಬರ ಕೆನ್ನೆಯ ಹಾಗೆ ಇನ್ನೊಬ್ಬರದಿಲ್ಲ. ಒಬ್ಬಳದು ತಿಳಿ, ಒಬ್ಬಳದು ಗೋಧಿ, ಒಬ್ಬಳದು ಗಾಢ ಕಂದು. ನೆರಳಿನ ಬದಿಗಳೂ ಬೇರೆ ಬೇರೆ. ಎಲ್ಲೂ ಬರಿಯ ಕಪ್ಪು ಬಳಸಿ ಮುಖವನ್ನು ಕಪ್ಪಾಗಿಸಿಲ್ಲ.

ರವಿವರ್ಮನಿಗೆ ಎಣ್ಣೆಬಣ್ಣವನ್ನು ಕೂರಿಸಿ ಕಲಿಸಿದವರು ಇರಲಿಲ್ಲ. ತಿರುವಾಂಕೂರಿನ ಆಸ್ಥಾನದಲ್ಲಿದ್ದ ಚಿತ್ರಕಾರ ಗುಟ್ಟು ಬಿಟ್ಟುಕೊಡಲಿಲ್ಲ. 1868ರಲ್ಲಿ ಥಿಯೊಡೋರ್ ಜೆನ್ಸನ್ ಅನ್ನುವ ಯುರೋಪಿನ ಭಾವಚಿತ್ರಕಾರ ಬಂದಾಗ, ಅವನು ಬರೆಯುವುದನ್ನು ನೋಡಲು ಅವಕಾಶ ಸಿಕ್ಕಿತು. ನೋಡಿ ಕಲಿತದ್ದೇ ಜಾಸ್ತಿ. ಆಮೇಲೆ 1885ರಲ್ಲಿ ಹತ್ತನೇ ಚಾಮರಾಜೇಂದ್ರ ಒಡೆಯರು ಕರೆಸಿದಾಗ ಮೈಸೂರಿಗೂ ಬಂದು ಅರಮನೆಯವರ ಭಾವಚಿತ್ರ ಬರೆದರು. ಯುರೋಪಿನ ಪದ್ಧತಿಯನ್ನು ತಂದು ನಮ್ಮ ಮುಖಗಳಿಗೆ ಹೊಂದಿಸಿದ ಕೆಲಸ ಇದೆಯಲ್ಲ, ಅದು ಸಣ್ಣದಲ್ಲ. ಕ್ಯಾಲೆಂಡರಿನ ದೇವರುಗಳಿಂದಾಗಿ ನಾವು ಅವರನ್ನು ಸ್ವಲ್ಪ ಹಗುರವಾಗಿ ನೋಡುತ್ತೇವೆ ಅಂತ ನನಗನ್ನಿಸುತ್ತದೆ. ಕುಂಚ ಹಿಡಿದ ಮೇಲೆ ನೋಡಿದರೆ ಹಾಗನ್ನಿಸಲ್ಲ.

ಅದೇ ಗ್ಯಾಲರಿಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರವೂ ಇದೆ. ಕೈ ಅಡ್ಡ ಹಿಡಿದಿರುವ ಬೆರಳುಗಳ ಸಂದಿಯಿಂದ ಬೆಳಕು ಕೆಂಪಾಗಿ ಹಾಯುವ ಚಿತ್ರ. ನಾನಿದ್ದಾಗಲೂ ಯಾರೋ ಮಕ್ಕಳಿಗೆ “ರವಿವರ್ಮಂದು ನೋಡ್ರೋ” ಅಂತಿದ್ದರು. ಅದು ಎಸ್.ಎಲ್. ಹಳದಣಕರ್ ಅವರದು, ಅದೂ ಜಲವರ್ಣ. ಅಲ್ಲಿಯ ಬೆಳಕು ಕಾಗದದ ಬಿಳುಪು. ಬಣ್ಣ ಹಾಕದೆ ಉಳಿಸಿಕೊಂಡದ್ದು. ಎಣ್ಣೆಬಣ್ಣದಲ್ಲಿ ಎಲ್ಲ ತಿರುವುಮುರುವು. ಕತ್ತಲಿಂದ ಹೊರಟು ಬೆಳಕನ್ನು ಕೊನೆಗೆ, ದಪ್ಪಗೆ ಇಡುವುದು.

ಈಗ ಮೈಬಣ್ಣಕ್ಕೆ ಬರೋಣ. ಮೇಷ್ಟ್ರು ನನ್ನ ಬಣ್ಣ ಬೆರೆಸುವ ತಟ್ಟೆಯ ಮೇಲೆ ಇಡಿಸಿದ್ದು ಬಿಳಿ, ಯೆಲ್ಲೋ ಓಕರ್ ಅನ್ನುವ ಮಣ್ಣುಹಳದಿ, ವರ್ಮಿಲಿಯನ್ ಕೆಂಪು, ಐವರಿ ಕಪ್ಪು. ಇಷ್ಟೇ. ಸ್ವೀಡನ್ನಿನ ಆಂಡರ್ಸ್ ಸೋರ್ನ್ ಅನ್ನುವ ಚಿತ್ರಕಾರನ ಹೆಸರಿನಲ್ಲಿ ಈ ನಾಲ್ಕು ಬಣ್ಣದ ತಟ್ಟೆ ಪ್ರಸಿದ್ಧ. ನೀಲಿ ಬೇಡವೇ ಅಂತ ಕೇಳಿದೆ. ಐವರಿ ಕಪ್ಪಿಗೆ ಬಿಳಿ ಬೆರೆಸಿ, ಅದನ್ನು ಕೆಂಪು ಹಳದಿಗಳ ಪಕ್ಕ ಇಡಿಸಿದರು. ನೀಲಿಯೇ ಕಂಡಿತು. ಕಪ್ಪಿಗೆ ಓಕರ್ ಬೆರೆಸಿದರೆ ಹಸಿರು. ನಮ್ಮ ಮೈಬಣ್ಣಕ್ಕೆ ಅಂತ ಐದನೆಯದಾಗಿ ಬರ್ನ್ಟ್ ಸಿಯೆನ್ನಾ ಅನ್ನುವ ಕೆಂಗಂದು ಸೇರಿಸಿದರು. ಚಿಕ್ಕಪ್ಪನ ನೆರಳಿಗೆ ಅದಿಲ್ಲದೆ ಆಗುತ್ತಿರಲಿಲ್ಲ.

ಇಂಟರ್‌ನೆಟ್ಟಿನಲ್ಲಿ ನೋಡಿದರೆ ಒಂದು ಸೂತ್ರ ಎಲ್ಲ ಕಡೆ ಸಿಗುತ್ತದೆ: ಹಣೆಗೆ ಹಳದಿ ಛಾಯೆ, ಕೆನ್ನೆ ಮೂಗಿಗೆ ಕೆಂಪು, ಗಡ್ಡದ ಜಾಗಕ್ಕೆ ಬೂದು ನೀಲಿ. ಬಿಳಿ ತೊಗಲಿನವರಿಗೆ ಅದು ಹೊಂದುತ್ತದೆ. ಚಿಕ್ಕಪ್ಪನನ್ನು ಕೂರಿಸಿ ನೋಡಿದರೆ ಬೇರೆಯೇ ಲೆಕ್ಕ. ಕಂದು ಮೈ ಬೆಳಕನ್ನು ಜಾಸ್ತಿ ಪ್ರತಿಫಲಿಸುತ್ತದೆ ಅಂತಲ್ಲ, ಆದರೆ ಸುತ್ತಲಿನ ಮೈಬಣ್ಣ ಗಾಢವಾಗಿರುವುದರಿಂದ ಹೊಳಪು ಎದ್ದು ಕಾಣುತ್ತದೆ. ಉತ್ತರದ ಕಿಟಕಿಯ ಆಕಾಶ ಅವರ ಹಣೆಯ ಎಣ್ಣೆಪಸೆಯ ಮೇಲೆ ಕೂತು ಆ ಹೊಳಪು ನಸುನೀಲಿ. ಅದರ ಪಕ್ಕದಲ್ಲೇ ಕೆಂಗಂದು. ಕೆನ್ನೆಯ ಕೆಂಪು ಗುಲಾಬಿಯಲ್ಲ, ಇಟ್ಟಿಗೆಯ ಕಡೆಗೆ ವಾಲಿದ್ದು. ಕಣ್ಣಿನ ಕೆಳಗೆ ನೇರಳೆ. ಕತ್ತಿನಲ್ಲಿ, ಶರ್ಟಿನ ಕಾಲರು ಬಿಸಿಲಿನಿಂದ ಮುಚ್ಚಿದ್ದ ಜಾಗ, ತಿಳಿ ಹಳದಿ. ಗಲ್ಲದ ಕೆಳಗಿನ ನೆರಳಿನಲ್ಲಿ ಬಿಳಿ ಶರ್ಟಿನಿಂದ ವಾಪಸ್ ಬಂದ ಬೆಳಕು. ಕಿವಿಯ ತುದಿ, ಹಿಂದಿನಿಂದ ಬೆಳಕು ಬಿದ್ದರೆ, ಸೀದಾ ವರ್ಮಿಲಿಯನ್. “ಗೋಧಿ ಬಣ್ಣ” ಅಂತ ಗಂಡು ಹೆಣ್ಣಿನ ಜಾಹೀರಾತಿನಲ್ಲಿ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಒಂದು ಮುಖದಲ್ಲೇ ಇಷ್ಟಿದೆ.

ಕೆಲಸ ಮಾಡುವ ರೀತಿ ಹೀಗೆ. ಮೊದಲು ತಟ್ಟೆಯ ಮೇಲೆ ಬೆಳಕಿನ ಪಾಲಿಗೆ ಮೂರು ಮಿಶ್ರಣ, ನೆರಳಿನ ಪಾಲಿಗೆ ಎರಡು, ಎರಡರ ನಡುವಿನ ತಿರುವಿಗೆ ಒಂದು. ಬೆಣ್ಣೆಯ ಹದ ಇರಬೇಕು. ಮಿಶ್ರಣವನ್ನು ಚಾಕುವಿನ ತುದಿಯಲ್ಲಿ ತೆಗೆದು, ದೂರದಿಂದ ಚಿಕ್ಕಪ್ಪನ ಕೆನ್ನೆಯ ನೇರಕ್ಕೆ ಹಿಡಿದು ನೋಡುವುದು. ಕಪ್ಪಾಯಿತೇ? ಬೆಳ್ಳಗಾಯಿತೇ? ಆಮೇಲೆ ಬಣ್ಣದ ಪ್ರಶ್ನೆ. ನೆರಳನ್ನು ತೆಳ್ಳಗೆ ಹಚ್ಚಿ, ಬೆಳಕನ್ನು ದಪ್ಪ ಇಡು. ಒಂದು ಮಿಶ್ರಣ, ಒಂದು ಏಟು, ಬಿಡು. ಬಿಡುವುದೇ ಕಷ್ಟ. ಕುಂಚ ತಾನಾಗಿ ಹೋಗಿ ಸವರುತ್ತದೆ. ಸವರಿ ಸವರಿ ನುಣುಪು ಮಾಡಿದ ಮುಖ ಮೇಣದ್ದಾಗುತ್ತದೆ. ಫೋಟೊ ಥರ ಇದೆ ಅಂತ ಹೊಗಳಿಸಿಕೊಳ್ಳುವ ಭಾವಚಿತ್ರಗಳಲ್ಲಿ ಬಹಳಷ್ಟರ ಕಾಯಿಲೆ ಇದೇ ಅಂತ ನನ್ನ ಅಭಿಪ್ರಾಯ.

ವಿಭೂತಿ ಬರೆಯುವುದು ಖುಷಿಯ ಪಾಠ. ಮೂರು ಬಿಳಿ ಗೆರೆ ಎಳೆದರೆ ಆಯಿತಲ್ಲ ಅನ್ನಿಸುತ್ತದೆ. ಹಾಗೆ ಎಳೆದರೆ ಅದು ಹಣೆಯ ಮುಂದೆ ಗಾಳಿಯಲ್ಲಿ ನಿಲ್ಲುತ್ತದೆ. ಹಣೆ ತಿರುಗಿದಂತೆ ಗೆರೆಯೂ ತಿರುಗಬೇಕು. ನಡುವೆ ಅಗಲ, ಕಣತಲೆಯ ಕಡೆ ಕಿರಿದು. ಬೆಳಕಿನ ಬದಿಯಲ್ಲಿ ಅದು ಹೆಚ್ಚುಕಡಿಮೆ ಬಿಳಿ, ನೆರಳಿನ ಬದಿಯಲ್ಲಿ ಬೂದು ಕಂದು. ಬೆಳಕಿನ ಬದಿಯ ಬರೀ ಮೈಗಿಂತಲೂ ಗಾಢ! ಸುಕ್ಕಿನ ಒಳಗೆ ವಿಭೂತಿ ಕೂತಿಲ್ಲ, ಅಲ್ಲಿ ಗೆರೆ ಒಡೆಯುತ್ತದೆ. ಕಣ್ಣಿನ ಬಿಳಿಗೂ ಇದೇ ಮಾತು. ಅದು ಬಿಳಿಯಲ್ಲ. ಮೇಲಿನ ರೆಪ್ಪೆಯ ನೆರಳಲ್ಲಿರುವ ಒಂದು ಗುಂಡು, ಬೂದು ಬಣ್ಣದ್ದು. ಅಲ್ಲಿ ಶುದ್ಧ ಬಿಳಿ ಹಾಕಿದರೆ ಮನುಷ್ಯ ಬೆಚ್ಚಿಬಿದ್ದಂತೆ ಕಾಣುತ್ತಾನೆ. ಬಿಳಿಯ ಒಂದೇ ಚುಕ್ಕೆ, ಕಿಟಕಿ ಇರುವ ಕಡೆಗೆ, ಕೊನೆಯ ದಿನ.

ಮೀಸೆಯನ್ನು ಮೊದಲು ಬೂದು ನೀಲಿಯ ಒಂದು ಮುದ್ದೆಯಾಗಿ ಬರೆದು, ಕೆಳಗಿನ ಅಂಚನ್ನು ತುಟಿಯೊಳಗೆ ಕರಗಿಸಿ, ಆಮೇಲೆ ಬೆಳಕು ಬಿದ್ದ ನಾಲ್ಕೈದು ಎಳೆ. ಒಂದೊಂದೇ ಕೂದಲು ಎಳೆಯಲು ಹೋಗಬಾರದು.

ಪೇಟದ ಜರಿ ಮಾತ್ರ ನನ್ನನ್ನು ಬೆವರಿಳಿಸಿತು. ಮೈಸೂರು ಸಾಂಪ್ರದಾಯಿಕ ಚಿತ್ರದಲ್ಲಿ ಗೆಸ್ಸೊ ಅನ್ನುವ ಲೇಪದಿಂದ ಉಬ್ಬು ಕೆಲಸ ಮಾಡಿ ಚಿನ್ನದ ರೇಕನ್ನೇ ಅಂಟಿಸುತ್ತಾರೆ. ಎಣ್ಣೆಬಣ್ಣದ ಭಾವಚಿತ್ರದಲ್ಲಿ ಚಿನ್ನದ ಬಣ್ಣವೂ ಇಲ್ಲ, ಬೆಳ್ಳಿಯದೂ ಇಲ್ಲ. ಜರಿಯ ಮುಕ್ಕಾಲು ಪಾಲು ಕಂದು. ರಾ ಅಂಬರ್ ಬಣ್ಣದಲ್ಲಿ ಅಂಚನ್ನು ತುಂಬಿ, ಬೆಳಕಿನ ಕಡೆ ಓಕರ್, ಅದರ ಮೇಲೆ ಬಿಳಿ ಬೆರೆಸಿದ ಹಳದಿಯ ದಪ್ಪ ಚುಕ್ಕೆಗಳು, ಅದೂ ಮಡಿಕೆ ತಿರುಗುವ ಜಾಗದಲ್ಲಿ ಮಾತ್ರ. ಹತ್ತಿರದಿಂದ ನೋಡಿದರೆ ಮಣ್ಣು ಮೆತ್ತಿದ ಹಾಗೆ ಕಾಣುತ್ತಿತ್ತು. ಹಿಂದೆ ಹಿಂದೆ ಸರಿದು ಬಾಗಿಲ ಹತ್ತಿರ ನಿಂತರೆ ಜರಿ. ಜಗನ್ಮೋಹನದಲ್ಲಿ ರವಿವರ್ಮನ ಸೀರೆಯಂಚಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕಾವಲಿನವರಿಂದ ಬೈಸಿಕೊಂಡದ್ದು ಸಾರ್ಥಕ. ಅಲ್ಲೂ ಇದೇ ಕಂದು, ಇದೇ ಚುಕ್ಕೆ. ಪೇಟ ಮುಖಕ್ಕಿಂತ ಜೋರಾಗಿ ಕೂಗಬಾರದು ಅಂತ ಎಡಬದಿಯ ಜರಿಯನ್ನೆಲ್ಲ ಮೇಷ್ಟ್ರು ಹಿಂದಿನ ಗೋಡೆಯ ಬಣ್ಣದೊಳಕ್ಕೆ ಕರಗಿಸಲು ಹೇಳಿದರು. ಚಿಕ್ಕಪ್ಪನಿಗೆ ಬೇಜಾರು. “ಆ ಕಡೆ ಜರಿ ಎಲ್ಲಿ ಹೋಯ್ತು? ದುಡ್ಡು ಕೊಟ್ಟು ತಂದಿದ್ದು ಕಣೇ ಅದು.”

ಮೂಗಿನ ಬಗ್ಗೆಯೂ ಮಾತಾಯಿತು. ಇಷ್ಟು ಉದ್ದ ಇಲ್ಲ ಅಂತ ಅವರು, ಇದೆ ಅಂತ ಚಿಕ್ಕಮ್ಮ. ಮೇಷ್ಟ್ರು ಒಂದು ಕೈಗನ್ನಡಿ ತಂದರು. ಅವರಿಗೆ ತೋರಿಸಲು ಅಂದುಕೊಂಡೆ. ಅಲ್ಲ, ನನಗೆ. ಚಿತ್ರಕ್ಕೆ ಬೆನ್ನು ಹಾಕಿ ಕನ್ನಡಿಯಲ್ಲಿ ಚಿತ್ರವನ್ನೂ ಚಿಕ್ಕಪ್ಪನನ್ನೂ ಒಟ್ಟಿಗೆ ನೋಡಬೇಕು. ಎಡ ಬಲ ಅದಲುಬದಲಾಗಿ, ಅಭ್ಯಾಸವಾದ ಕಣ್ಣಿಗೆ ಎರಡೂ ಹೊಸದಾಗಿ ಕಾಣುತ್ತವೆ. ಮೂಗು ಸರಿಯೇ ಇತ್ತು. ಬಲಗಣ್ಣು ಒಂದು ಕೂದಲೆಳೆಯಷ್ಟು ಮೇಲಿತ್ತು. ಆ ಕಣ್ಣನ್ನು ಚಾಕುವಿನಿಂದ ಕೆರೆದು ತೆಗೆಸಿದರು. ಹಸಿ ಎಣ್ಣೆಬಣ್ಣದ ಸುಖ ಅದು. ಕೆರೆದು ಮತ್ತೆ ಬರೆಯಬಹುದು, ಕೆಳಗಿನ ಕಂದು ಪದರ ಹಾಗೇ ಕಾದಿರುತ್ತದೆ.

ಎಲ್ಲ ಒಣಗಿದ ಮೇಲೆ ನೆರಳಿನ ಬದಿಗೆ ಬರ್ನ್ಟ್ ಸಿಯೆನ್ನಾವನ್ನು ಎಣ್ಣೆಯಲ್ಲಿ ತೀರಾ ತೆಳ್ಳಗೆ ಮಾಡಿ ಒಂದು ಕೈ ಹಚ್ಚಿದೆ. ಗ್ಲೇಜ್ ಅನ್ನುತ್ತಾರೆ. ಸಪ್ಪೆಯಾಗಿದ್ದ ನೆರಳಿಗೆ ಬಿಸುಪು ಬಂತು. ಮೇಷ್ಟ್ರು ಅಲ್ಲಿಗೆ ಸಾಕು ಅಂದರು. ಕುಂಚ ಕಸಿದುಕೊಂಡರು ಅನ್ನುವುದೇ ಸರಿ. ಮೊದಲು ಸೀಮೆಎಣ್ಣೆಯಲ್ಲಿ ಜಾಲಾಡಿಸಿ, ಆಮೇಲೆ ಬಾರ್ ಸೋಪು ಹಚ್ಚಿ ಅಂಗೈಯಲ್ಲಿ ತಿಕ್ಕಿ ತೊಳೆದು, ತುದಿ ನೇವರಿಸಿ ಇಟ್ಟರೆ ಹಂದಿಕೂದಲಿನ ಕುಂಚ ಕೂಡ ವರ್ಷಗಟ್ಟಲೆ ಬಾಳುತ್ತದೆ. ಅವರ ಕುಂಚಗಳಲ್ಲಿ ಕೆಲವು ನನಗಿಂತ ಹಳೆಯವು.

ಚಿತ್ರ ಈಗ ಚಿಕ್ಕಪ್ಪನ ಮನೆ ನಡುಮನೆಯಲ್ಲಿದೆ. ದೇವರ ಮನೆ ಬಾಗಿಲ ಮೇಲೆ ಹಾಕಬೇಕು ಅಂತಿದ್ದರು, ನಾನು ಬಿಡಲಿಲ್ಲ. ಊದುಬತ್ತಿ ದೀಪದ ಮಸಿ ಹಸಿ ಎಣ್ಣೆಬಣ್ಣಕ್ಕೆ ಅಂಟಿದರೆ ಬಿಡಲ್ಲ. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಇನ್ನೂ ಗಟ್ಟಿಯಾಗುತ್ತಿರುತ್ತದೆ. ಆರು ತಿಂಗಳಾದರೂ ಕಳೆಯಬೇಕು, ಆಮೇಲೆ ವಾರ್ನಿಶ್. ಅಲ್ಲಿಯವರೆಗೆ ಗಾಜೂ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸೋದೂ ಬೇಡ ಅಂತ ಚಿಕ್ಕಮ್ಮನಿಗೆ ಹೇಳಿದ್ದೇನೆ. ಚಿಕ್ಕಪ್ಪ ಆಗಲೇ ಶಿವರಾಂಪೇಟೆಗೆ ಹೋಗಿ ಗಾಜಿನ ಸಮೇತ ಫ್ರೇಮಿಗೆ ರೇಟು ಕೇಳಿಕೊಂಡು ಬಂದಿದ್ದಾರೆ.